ಮೆದುಳಿಗೆ ಜಾತಿ ಇಲ್ಲ, ಸರಿ. ಮೆದುಳು ಓದಿಸೋ ಸಂಸ್ಥೆಗೆ?

ಪೋಸ್ಟ್ ಉದ್ದ ಇದೆ, ಬೇಜಾರು ಮಾಡ್ಕೊಳ್ಳದೆ ಕೊನೇತನಕ ಓದಿ. ಹಾಸ್ಟೆಲ್‌ನಲ್ಲಿದ್ದು ಡಿಗ್ರಿ, ಪಿಜಿ ಓದ್ತಿರೋ ತಮ್ಮಂದಿರು ತಂಗಿಯರು ಓದಲೇಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದು ಮೆದುಳಿನ ಮ್ಯೂಸಿಯಂ ಇದೆ. ಆಗದಿದ್ದವರು ಒಮ್ಮೆ ಹೋಗಿ ಬನ್ನಿ. ನಿಜವಾದ ಮನುಷ್ಯರ ಮೆದುಳುಗಳನ್ನ ಅಲ್ಲಿ ನೋಡಬಹುದು. ಹೆಚ್ಚೂಕಮ್ಮಿ ಒಂದೂವರೆ ಕೆಜಿ ತೂಗೋ ಮುದ್ದೆ, ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳು. ಅದನ್ನ ನೋಡಿ ಇದು ಊರ ಒಳಗಿನವರದ್ದು, ಇದು ಕೇರಿಯವರದ್ದು ಅಂತ ಹೇಳಬಲ್ಲ ವಿಜ್ಞಾನಿ ಇನ್ನೂ ಹುಟ್ಟಿಲ್ಲ.

ಹಾಗಾಗಿಯೇ ವಿಜ್ಞಾನದವರು ನಮಗೆ ಬುದ್ಧಿ ಹೇಳ್ತಾರೆ: "ನಮ್ಮದು ಸೈನ್ಸ್ ಕಣ್ರೀ, ಇಲ್ಲಿಗೂ ಜಾತಿ ತರಬೇಡಿ."

ತಂದವರು ನಾವಲ್ಲ ಸ್ವಾಮಿ. ಕೇಂದ್ರದ ಎರಡು ಕಾಯ್ದೆಗಳನ್ನ ತೆಗೆದು ನೋಡಿ. ಒಂದು 2006ರದ್ದು, ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಮೀಸಲಾತಿ. ಇನ್ನೊಂದು 2019ರದ್ದು, ಅದೇ ಸಂಸ್ಥೆಗಳ ಅಧ್ಯಾಪಕ ಹುದ್ದೆಗಳಲ್ಲಿ ಮೀಸಲಾತಿ. ಎರಡರಲ್ಲೂ 4ನೇ ಸೆಕ್ಷನ್ ಓದಿ. "ಶ್ರೇಷ್ಠ" ಸಂಸ್ಥೆಗಳು, ಸಂಶೋಧನಾ ಸಂಸ್ಥೆಗಳು ಅಂತ ಒಂದು ಪಟ್ಟಿ ಮಾಡಿ, ಇವಕ್ಕೆ ಈ ಕಾಯ್ದೆಯ ಮೀಸಲಾತಿ ಅನ್ವಯಿಸಲ್ಲ ಅಂತ ಬಿಟ್ಟುಬಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ಹರಿಯಾಣದ ಮಾನೇಸರ್‌ನಲ್ಲಿರೋ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಇದೆ. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇದೆ. ಮನಸ್ಸು ಮಾಡಿದರೆ ಕೊಡಬಹುದು. ಕೊಡದಿದ್ದರೆ ಈ ಕಾಯ್ದೆ ಹಿಡ್ಕೊಂಡು ಕೇಳೋ ಹಾಗಿಲ್ಲ.

ಇದರ ಅರ್ಥ ಏನು? ಸಂವಿಧಾನದ ಹಕ್ಕು "ಶ್ರೇಷ್ಠತೆ"ಯ ಗೇಟಿನ ಹತ್ತಿರ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಬರಬೇಕು ಅಂತ. ಮೀಸಲಾತಿ ಇದ್ದರೆ ಶ್ರೇಷ್ಠತೆ ಕೆಡುತ್ತೆ ಅನ್ನೋ ಮಾತನ್ನ ಯಾರೋ ಜಗಲಿ ಮೇಲೆ ಕೂತು ಆಡಿದ್ದಲ್ಲ, ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿದ್ದು. ಈಗ ಹೇಳಿ, ಮೆದುಳಿಗೆ ಜಾತಿ ಹಚ್ಚಿದವರು ಯಾರು?

ಸರಿ, ಗೇಟಿನ ಮಾತಾಯ್ತು. ಗೇಟಿನ ತನಕ ಬರೋ ದಾರಿ ಹೇಗಿದೆ ನೋಡೋಣ.

ನಮ್ಮ ಹುಡುಗ ಹುಡುಗಿಯರಿಗೆ ಸೈಕಾಲಜಿ ಅಂತ ಒಂದು ಸಬ್ಜೆಕ್ಟ್ ಇದೆ ಅಂತ ಗೊತ್ತಾಗೋದೇ ತಡವಾಗಿ. ತಾಲ್ಲೂಕಿನ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಆ ಐಚ್ಛಿಕವೇ ಇರಲ್ಲ. ಹೇಗೋ ಮಾಡಿ ಡಿಗ್ರಿ ಮುಗಿಸಿ, ಎಂಎಸ್‌ಸಿ ಮಾಡಿದ್ರೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋಕೆ ಆಗಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸು, ಅದರ ನೋಂದಣಿ ಎರಡೂ ಬೇಕು. ಇಷ್ಟು ವರ್ಷ ಆ ಕೋರ್ಸು ಅಂದ್ರೆ ಎರಡು ವರ್ಷದ ಎಂಫಿಲ್. ಸರ್ಕಾರಿ ಸಂಸ್ಥೆಗಳಲ್ಲಿ ಬೆರಳೆಣಿಕೆಯ ಸೀಟು, ಖಾಸಗಿಯಲ್ಲಿ ಲಕ್ಷಗಟ್ಟಲೆ ಫೀಸು. ಹೊಸ ಶಿಕ್ಷಣ ನೀತಿ ಬಂದು ಎಂಫಿಲ್ಲನ್ನೇ ತೆಗೆದುಹಾಕಿತು. ಈ ವಿಷಯಕ್ಕೆ ಮಾತ್ರ 2025-26ರವರೆಗೆ ಅಂತ ಯುಜಿಸಿ ಗಡುವು ಕೊಟ್ಟಿತು. ಒಂದು ಏಣಿ ತೆಗೆದು ಇನ್ನೊಂದು ಇಡೋವಾಗ ಕೆಳಗೆ ನಿಂತವನ ಗತಿ ಏನು ಅಂತ ಯಾರಾದ್ರೂ ಕೇಳಿದ್ರಾ? ಅಪ್ಪನ ದುಡ್ಡಿರೋನು ಎರಡು ವರ್ಷ ಕಾಯ್ತಾನೆ. ನಮ್ಮೋನು ಗಾರೆ ಕೆಲಸಕ್ಕೋ, ಡೆಲಿವರಿ ಬೈಕಿಗೋ ಹೋಗ್ತಾನೆ.

ಮೆದುಳು ವಿಜ್ಞಾನದ ದಾರಿ ಇನ್ನೂ ಕಡಿದು. ಒಳ್ಳೆ ಲ್ಯಾಬಿಗೆ ಪಿಎಚ್‌ಡಿಗೆ ಹೋಗ್ಬೇಕು ಅಂದ್ರೆ ಮೊದಲೇ ಲ್ಯಾಬಿನ ಅನುಭವ ಬೇಕು. ಆ ಅನುಭವ ಸಿಗೋದು ಇಂಟರ್ನ್‌ಶಿಪ್‌ನಲ್ಲಿ. ಎಷ್ಟೋ ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ. ಆರು ತಿಂಗಳು ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಕೊಂಡು ಬಿಟ್ಟಿ ದುಡೀಬೇಕು. ಬಿಟ್ಟಿ ಚಾಕರಿ ನಮ್ಮ ತಾತ ಮುತ್ತಾತಂದಿರಿಗೆ ಹೊಸದಲ್ಲ ಬಿಡಿ, ಆದ್ರೆ ಅವರಿಗೆ ಯಾರೂ ಅನುಭವದ ಸರ್ಟಿಫಿಕೇಟ್ ಕೊಡಲಿಲ್ಲ.

ಇದನ್ನೆಲ್ಲ ದಾಟಿದ್ರೆ ನೆಟ್. ಈಗ ಪಿಎಚ್‌ಡಿ ಪ್ರವೇಶಕ್ಕೆ, ಜೆಆರ್‌ಎಫ್ ಸಿಗದೆ ನೆಟ್ ಅಂಕದ ಮೇಲೆ ಬರೋರಿಗೆ, ಪರೀಕ್ಷೆಗೆ ನೂರಕ್ಕೆ 70, ಸಂದರ್ಶನಕ್ಕೆ 30. ಆ 70 ನಾವು ಓದಿ ಗಳಿಸ್ತೀವಿ. ಆ 30 ಯಾರ ಜೇಬಲ್ಲಿರುತ್ತೆ ಅಂತ ನಿಮಗೆ ನಾನು ಬಿಡಿಸಿ ಹೇಳ್ಬೇಕಿಲ್ಲ.

ಚಾಮರಾಜನಗರ ಕಡೆಯ ಒಬ್ಬ ಹೆಣ್ಣುಮಗಳು ನನಗೆ ಗೊತ್ತು. ಸಂಸ್ಥೆ ಹೆಸರು ಬೇಡ, ಅವಳಿನ್ನೂ ಅಲ್ಲೇ ಓದ್ಬೇಕು. ಸಂದರ್ಶನಕ್ಕೆ ಕೂತಾಗ ಮೊದಲ ಪ್ರಶ್ನೆ, "ಕೆಟಗರಿ ಏನಮ್ಮ?" ಎರಡನೇದು, "ತಂದೆ ಏನ್ ಮಾಡ್ತಾರೆ?" ಮೂರನೇದು, "ಇಂಗ್ಲಿಷಲ್ಲಿ ಥೀಸಿಸ್ ಬರೀತೀಯಾ?" ನಾಲ್ಕನೇ ಪ್ರಶ್ನೆಗೆ ಸೈಕಾಲಜಿ ಬಂತು. "ಅಷ್ಟೊತ್ತಿಗೆ ನನಗೆ ಗೊತ್ತಿದ್ದದ್ದೂ ಮರೆತುಹೋಗಿತ್ತು ಅಣ್ಣ" ಅಂದ್ಲು.

ಯಾಕೆ ಮರೆತುಹೋಯ್ತು? ಇದಕ್ಕೆ ಉತ್ತರ ಅವರದೇ ಸೈನ್ಸಿನಲ್ಲಿದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಉತ್ತರಪ್ರದೇಶದ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದ್ರು. 6 ಮತ್ತು 7ನೇ ತರಗತಿಯ 642 ಹುಡುಗರು, ಅರ್ಧ ಮೇಲ್ಜಾತಿ, ಅರ್ಧ ದಲಿತರು. ಕಾಗದದ ಮೇಲೆ ದಾರಿ ಹುಡುಕೋ ಒಗಟು ಬಿಡಿಸಬೇಕು, ಬಿಡಿಸಿದಷ್ಟು ದುಡ್ಡು. ಜಾತಿ ಹೇಳದೆ ಕೂರಿಸಿದಾಗ ಎರಡೂ ಗುಂಪಿನ ಹುಡುಗರು ಸಮಸಮ. ಹುಡುಗನ ಹೆಸರು, ಅಪ್ಪನ ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿದ ಮೇಲೆ? ದಲಿತ ಹುಡುಗರ ಅಂಕ ಬಿದ್ದುಹೋಯ್ತು. ಅದೇ ಮಕ್ಕಳು, ಅದೇ ಒಗಟು, ಅದೇ ಮೆದುಳು. ಬದಲಾದದ್ದು ಕೋಣೆ ಮಾತ್ರ.

ಇದು ಹುಡುಗರ ಮೇಲೆ ಮಾತ್ರ ಮಾಡಿದ ಒಂದು ಅಧ್ಯಯನ, ನಿಜ. ಅಮೆರಿಕದಲ್ಲಿ 1995ರಲ್ಲಿ ಕ್ಲಾಡ್ ಸ್ಟೀಲ್, ಜೋಶುವಾ ಆರಾನ್ಸನ್ ಕಪ್ಪು ವಿದ್ಯಾರ್ಥಿಗಳ ಜೊತೆ ಇಂಥದ್ದೇ ಪರಿಣಾಮ ಕಂಡಿದ್ರು. ಅದು ಎಷ್ಟು ದೊಡ್ಡ ಪರಿಣಾಮ ಅಂತ ಆಮೇಲೆ ಬೇಕಾದಷ್ಟು ಚರ್ಚೆ ಆಗಿದೆ. ಆಗಲಿ, ಅದೇ ವಿಜ್ಞಾನ. ಆದ್ರೆ ನಮ್ಮಲ್ಲಿ ಆ ಚರ್ಚೆ ಮುಂದುವರಿಸೋಕೆ, ಮತ್ತೊಮ್ಮೆ ಪರೀಕ್ಷೆ ಮಾಡಿ ನೋಡೋಕೆ ಯಾರಿದ್ದಾರೆ? ಪ್ರತಿ ವರ್ಷ ಸಂದರ್ಶನದ ಕೋಣೆಗಳಲ್ಲಿ ನಮ್ಮ ಮಕ್ಕಳ ಮೇಲೆ ಈ ಪ್ರಯೋಗ ನಡೀತಾನೇ ಇದೆ. ಫಲಿತಾಂಶಕ್ಕೆ ಮಾತ್ರ "ಮೆರಿಟ್" ಅಂತ ಹೆಸರಿಟ್ಟಿದ್ದಾರೆ.

ಅಷ್ಟಕ್ಕೂ ಈ ಬುದ್ಧಿ ಅಳೆಯೋ ವಿದ್ಯೆಯ ಕುಲಗೋತ್ರ ಏನು? ಅಮೆರಿಕದ ಕಾರ್ಲ್ ಬ್ರಿಗಮ್ 1923ರಲ್ಲಿ ಸೈನಿಕರ ಪರೀಕ್ಷೆಯ ಅಂಕ ಇಟ್ಕೊಂಡು ಬಿಳಿಯರಲ್ಲೂ ಉತ್ತರ ಯುರೋಪಿನವರೇ ಮೇಲು ಅಂತ ಪುಸ್ತಕ ಬರೆದ. ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ರೂಪಿಸಿದವನೂ ಅವನೇ. 1930ರಲ್ಲಿ ತನ್ನ ಆ ವಾದ ನಿಲ್ಲಲ್ಲ ಅಂತ ತಾನೇ ಒಪ್ಪಿಕೊಂಡ. ಅಷ್ಟರಲ್ಲಿ ಅದು ಇಲ್ಲಿಗೂ ಬಂದಿತ್ತು. 1929ರಲ್ಲಿ ಪಂಜಾಬಿನ ಜಾತಿ ಗುಂಪುಗಳ ಬುದ್ಧಿಶಕ್ತಿ ಹೋಲಿಸೋ ಪುಸ್ತಕವನ್ನ ಹರ್ಬರ್ಟ್ ರೈಸ್ ಪ್ರಕಟಿಸಿದ. ನೋಡಿ, ಈ ಶಾಸ್ತ್ರಕ್ಕೆ ಜಾತಿ ಗೊತ್ತಿಲ್ಲ ಅಂತಲ್ಲ. ನಮ್ಮನ್ನ ಅಳೆಯೋವಾಗ ಗೊತ್ತಿತ್ತು. ನಾವು ಪ್ರಶ್ನೆ ಕೇಳೋಕೆ ಬಂದಾಗ ಮಾತ್ರ ಮರೆತುಹೋಗುತ್ತೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಶುರು ಮಾಡಿದ್ದು 1924ರಲ್ಲಿ. ಅದೇ ನಮ್ಮ ಆಕಾಶವಾಣಿಯ ಗೋಪಾಲಸ್ವಾಮಿಯವರು. ಕನ್ನಡ ನೆಲಕ್ಕೆ ಈ ಶಾಸ್ತ್ರ ಬಂದು ನೂರು ವರ್ಷ ದಾಟಿತು. ಈಗಲೂ ಮಕ್ಕಳ ಪಠ್ಯಪುಸ್ತಕ ತೆಗೀರಿ. ಪಾವ್ಲೋವ್‌ನ ನಾಯಿ ಇದೆ, ಸ್ಕಿನ್ನರ್‌ನ ಇಲಿ, ಪಾರಿವಾಳ ಇದೆ. ಅಸ್ಪೃಶ್ಯತೆ ಎಲ್ಲಿದೆ? ಸಾವಿರಾರು ವರ್ಷ ಕೋಟ್ಯಂತರ ಜನರ ಮನಸ್ಸಿನ ಮೇಲೆ ನಡೆದ ಕ್ರೌರ್ಯಕ್ಕೆ ಒಂದು ಪೂರ್ತಿ ಅಧ್ಯಾಯ ಬೇಡ್ವಾ? ಜಾತಿ ಇರೋದು ಮನಸ್ಸಿನಲ್ಲಿ, ಅದನ್ನ ಅಲ್ಲೇ ಕೆಡವಬೇಕು ಅಂತ ಬಾಬಾಸಾಹೇಬರು 1936ರಲ್ಲೇ ವಾದಿಸಿದ್ರು. ಇಲಿ, ಪಾರಿವಾಳಕ್ಕೆ ಸಿಕ್ಕ ಜಾಗ ಬಾಬಾಸಾಹೇಬರಿಗೆ ಸಿಗಲಿಲ್ಲ.

ನಮ್ಮೋರು ಒಳಗೆ ಹೋದ್ರೆ ಏನಾಗುತ್ತೆ ಅಂತ ಕೇಳೋರಿಗೆ ಒಂದು ಕಥೆ ಹೇಳ್ತೀನಿ. ಕಟ್ಟುಕಥೆ ಅಲ್ಲ, ನಡೆದದ್ದು.

1920ರಲ್ಲಿ ಫ್ರಾನ್ಸಿಸ್ ಸಮ್ನರ್ ಅಮೆರಿಕದಲ್ಲಿ ಮನಃಶಾಸ್ತ್ರದ ಪಿಎಚ್‌ಡಿ ಪಡೆದ ಮೊದಲ ಕಪ್ಪು ಮನುಷ್ಯ. ಆಮೇಲೆ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ್ರು. ಅಲ್ಲಿ ಓದಿದವರು ಕೆನ್ನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ದಂಪತಿ. ಇಬ್ಬರೂ ಪಿಎಚ್‌ಡಿ ಮಾಡಿದ್ದು ಕೊಲಂಬಿಯಾದಲ್ಲಿ. ಹೌದು, 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ಅದೇ ಕೊಲಂಬಿಯಾ. ಮೇಮಿಯ ಗೈಡ್ ಹೆನ್ರಿ ಗ್ಯಾರೆಟ್. ಕರಿಯರು ಬಿಳಿಯರು ಬೇರೆ ಬೇರೆ ಶಾಲೆಯಲ್ಲೇ ಓದ್ಬೇಕು ಅಂತ ನಂಬಿದ್ದ ಮನುಷ್ಯ! ಅವನ ಕೈಕೆಳಗೇ ಮೇಮಿ 1943ರಲ್ಲಿ ಪಿಎಚ್‌ಡಿ ಮುಗಿಸಿದ್ಲು.

ಈ ದಂಪತಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಕೇಳಿದ್ರು: ಯಾವುದು ಒಳ್ಳೇ ಗೊಂಬೆ? ಯಾವುದು ಕೆಟ್ಟದ್ದು? ಹೆಚ್ಚಿನ ಮಕ್ಕಳು ಬಿಳಿಯದ್ದೇ ಒಳ್ಳೇದು ಅಂದ್ವು. ಆಮೇಲೆ, ಇದರಲ್ಲಿ ನಿನ್ನ ಥರ ಇರೋದು ಯಾವುದು ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತೇಬಿಟ್ವು. ವರ್ಜೀನಿಯಾದ ಶಾಲಾ ಪ್ರತ್ಯೇಕತೆಯ ಕೇಸಿನಲ್ಲಿ ಗ್ಯಾರೆಟ್ ಪ್ರತ್ಯೇಕತೆಯ ಪರವಾಗಿ ಸಾಕ್ಷಿ ಹೇಳಿದ. ಅವನ ಎದುರು ಸಾಕ್ಷಿ ಹೇಳಿದವಳು ಅವನದೇ ಶಿಷ್ಯೆ ಮೇಮಿ. ಆ ಕೇಸೂ ಸೇರಿದ ಬ್ರೌನ್ ಪ್ರಕರಣದಲ್ಲಿ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರತ್ಯೇಕ ಶಾಲೆ ಅಸಾಂವಿಧಾನಿಕ ಅಂತ ತೀರ್ಪು ಕೊಡ್ತು. ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನ್ನೆತ್ ಕ್ಲಾರ್ಕ್ ಹೆಸರಿದೆ.

ಒಬ್ಬ ಸಮ್ನರ್ ಒಳಗೆ ಹೋಗಿದ್ದಕ್ಕೆ 34 ವರ್ಷದಲ್ಲಿ ಇಷ್ಟಾಯ್ತು. ನಮ್ಮ ಅಂಗನವಾಡಿಗಳಲ್ಲಿ ದಲಿತ ಅಡುಗೆಯವರು ಮಾಡಿದ ಊಟ ಬೇಡ ಅಂತ ಮಕ್ಕಳನ್ನ ಎಬ್ಬಿಸ್ಕೊಂಡು ಹೋಗ್ತಾರಲ್ಲ, ಆ ತಟ್ಟೆ ಮುಂದೆ ಉಳಿದುಹೋದ ನಮ್ಮ ಮಗುವಿನ ಮನಸ್ಸಿನಲ್ಲಿ ಏನಾಗುತ್ತೆ ಅಂತ ಅಳೆದು, ಬರೆದು, ಕೋರ್ಟಿನಲ್ಲಿ ನಿಂತು ಹೇಳೋ ಮೇಮಿ ಕ್ಲಾರ್ಕ್ ನಮಗೆ ಬೇಕು. ಇದು ನೌಕರಿಯ ಪ್ರಶ್ನೆ ಅಲ್ಲ ಗೆಳೆಯರೇ. ಪ್ರಶ್ನೆ ಕೇಳೋ ಅಧಿಕಾರದ ಪ್ರಶ್ನೆ.

ಆ ಅಧಿಕಾರ ನಮ್ಮ ಕೈಲಿಲ್ಲದಿದ್ರೆ ಏನಾಗುತ್ತೆ? ಆಫೀಸಲ್ಲಿ ಜಾತಿ ಹೆಸರಲ್ಲಿ ಚುಚ್ಚುಮಾತು ಕೇಳಿ ನಿದ್ದೆಗೆಟ್ಟ ನಮ್ಮ ಹುಡುಗ ಕೌನ್ಸೆಲಿಂಗ್‌ಗೆ ಹೋಗ್ತಾನೆ. "ನೀವು ಜಾಸ್ತಿ ಯೋಚನೆ ಮಾಡ್ತೀರಾ, ಪಾಸಿಟಿವ್ ಆಗಿರಿ" ಅಂತಾರೆ. ಎಲ್ಲರೂ ನನ್ನನ್ನೇ ನೋಡ್ತಾರೆ, ನನ್ನ ಬಗ್ಗೆನೇ ಮಾತಾಡ್ತಾರೆ ಅಂದ್ರೆ ಅನುಮಾನದ ಕಾಯಿಲೆ ಅಂತ ಬರ್ಕೊಳ್ತಾರೆ. ಅವರು ನಿಜವಾಗ್ಲೂ ನೋಡ್ತಾರೆ ಸಾರ್! ನಿಜವಾಗ್ಲೂ ಮಾತಾಡ್ತಾರೆ! 2017ರ ಮಾನಸಿಕ ಆರೋಗ್ಯ ಕಾಯ್ದೆ ಜಾತಿ ಆಧಾರದ ತಾರತಮ್ಯ ಇಲ್ಲದೆ ಚಿಕಿತ್ಸೆ ಸಿಗಬೇಕು ಅನ್ನುತ್ತೆ. ಜಾತಿಯ ಗಾಯ ಅಂದ್ರೆ ಏನು ಅಂತ ಕಲಿಸದೆ ತಯಾರು ಮಾಡಿದ ವೈದ್ಯರು ಅದನ್ನ ಹೇಗೆ ಪಾಲಿಸ್ತಾರೆ?

ಇನ್ನು ಸರ್ಕಾರದ ಉಪಕಾರ. ಪರಿಶಿಷ್ಟರಿಗೆ ವಿದೇಶದಲ್ಲಿ ಓದಲು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಜಾಗ. 2022ರಲ್ಲಿ ಅದರ ನಿಯಮ ತಿದ್ದಿದ್ರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಅಧ್ಯಯನದ ಮೇಲೆ ಸಂಶೋಧನೆ ಮಾಡೋರಿಗೆ ಇದು ಸಿಗಲ್ಲ. ಅಂದ್ರೆ ಕೊಲಂಬಿಯಾಕ್ಕೆ ಹೋಗಿ ಭಾರತದ ಜಾತಿ ಬಗ್ಗೆ ಬರೆದ ಬಾಬಾಸಾಹೇಬರೇ ಇವತ್ತು ಅರ್ಜಿ ಹಾಕಿದ್ರೂ ತಿರಸ್ಕಾರ! ಇಲಿಯ ಮೆದುಳು ಓದು, ದುಡ್ಡು ಕೊಡ್ತೀವಿ. ನಿನ್ನ ಊರಿನ ಜಾತಿಯ ಮನಸ್ಸು ಓದ್ತೀನಿ ಅಂದ್ರೆ ಮನೇಲೇ ಇರು.

ಒಳಗೆ ಹೋದಮೇಲೂ ನೆಮ್ಮದಿ ಇಲ್ಲ. ಎಐಐಎಂಎಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ಸ್ಥಿತಿ ಏನು ಅಂತ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿದೆ. ರೋಹಿತ್ ವೇಮುಲ ತನ್ನ ಕೊನೆಯ ಪತ್ರದಲ್ಲಿ ಬಾಕಿ ಇದ್ದ ಏಳು ತಿಂಗಳ ಫೆಲೋಶಿಪ್ ದುಡ್ಡಿನ ಲೆಕ್ಕ ಬರೆದು ಹೋದ. ಸಾವಿನ ನಂತರ ಎಲ್ಲರೂ "ಡಿಪ್ರೆಶನ್" ಅಂತಾರೆ. ಡಿಪ್ರೆಶನ್ ಮೆದುಳಿನ ರಾಸಾಯನಿಕ ಅಂತಾರೆ. ಆ ರಾಸಾಯನಿಕ ಕಲಕಿದ ಕೈ ಯಾವುದು ಅಂತ ಮಾತ್ರ ಯಾರೂ ಹೇಳಲ್ಲ.

ಅದಕ್ಕೆ ನಮ್ಮ ಹಕ್ಕೊತ್ತಾಯ ಇಷ್ಟು:

1. 2006 ಮತ್ತು 2019ರ ಕಾಯ್ದೆಗಳಲ್ಲಿರೋ "ಶ್ರೇಷ್ಠ ಸಂಸ್ಥೆ"ಗಳ ವಿನಾಯಿತಿ ಪಟ್ಟಿ ರದ್ದಾಗಬೇಕು.

2. ಪಿಎಚ್‌ಡಿ ಸಂದರ್ಶನ ರೆಕಾರ್ಡ್ ಆಗಬೇಕು. ಕೆಟಗರಿ, ತಂದೆಯ ಕೆಲಸ ಕೇಳೋದು ನಿಲ್ಲಬೇಕು. ಸಮಿತಿಯಲ್ಲಿ ಪರಿಶಿಷ್ಟ ಸದಸ್ಯರಿರಬೇಕು.

3. ಲ್ಯಾಬ್ ಇಂಟರ್ನ್‌ಶಿಪ್‌ಗೆ ಸಮಾಜ ಕಲ್ಯಾಣ ಇಲಾಖೆ ಸ್ಟೈಪೆಂಡ್ ಕೊಡಬೇಕು. ಸಂಶೋಧನಾ ಫೆಲೋಶಿಪ್ ತಿಂಗಳ ಮೊದಲ ವಾರ ಖಾತೆಗೆ ಬರಬೇಕು.

4. ರಾಜ್ಯದ ವಿಶ್ವವಿದ್ಯಾಲಯಗಳ ಮನಃಶಾಸ್ತ್ರ ಪಠ್ಯದಲ್ಲಿ ಜಾತಿ ಮತ್ತು ಮನಸ್ಸು ಕಡ್ಡಾಯ ಪತ್ರಿಕೆಯಾಗಬೇಕು.

5. ಸಾಗರೋತ್ತರ ವಿದ್ಯಾರ್ಥಿವೇತನದ 2022ರ ನಿರ್ಬಂಧ ಹೋಗಬೇಕು. ಕರ್ನಾಟಕದಲ್ಲಿ ರೋಹಿತ್ ಹೆಸರಿನ ಕಾಯ್ದೆ ಹಲ್ಲಿರುವ ಕಾಯ್ದೆಯಾಗಿ ಜಾರಿಯಾಗಬೇಕು.

ತಮ್ಮಂದಿರೇ, ತಂಗಿಯರೇ, ಕೊನೇ ಮಾತು ನಿಮಗೆ. ಸಂಶೋಧನೆಯ ಭಾಷೆಯಲ್ಲಿ ಯಾರ ಮೇಲೆ ಪ್ರಯೋಗ ಮಾಡ್ತಾರೋ ಅವರನ್ನ "ಸಬ್ಜೆಕ್ಟ್" ಅಂತಾರೆ. ನಾವು ಸಬ್ಜೆಕ್ಟ್ ಆಗಿದ್ದು ಸಾಕು. ಡಿಗ್ರಿಯಲ್ಲಿ ಸೈಕಾಲಜಿ ಸಿಕ್ಕಿದ್ರೆ ತಗೊಳ್ಳಿ. ನೆಟ್ ಬರೀರಿ. ಪರಿಶಿಷ್ಟರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ, ನಮ್ಮ ರಾಜ್ಯದ "ಪ್ರಬುದ್ಧ" ಯೋಜನೆ ಇದೆ, ಅದು ಯಾರಪ್ಪನ ಮನೆ ದುಡ್ಡೂ ಅಲ್ಲ, ಅರ್ಜಿ ಹಾಕಿ. ಸಂದರ್ಶನದಲ್ಲಿ "ತಂದೆ ಏನ್ ಮಾಡ್ತಾರೆ" ಅಂದ್ರೆ ತಲೆ ಎತ್ತಿ ಹೇಳಿ. ಆಮೇಲೆ ಪೆನ್ನು ತಗೊಂಡು, ಆ ಪ್ರಶ್ನೆ ಕೇಳಿದವರ ಮನಸ್ಸಿನ ಮೇಲೆ ಥೀಸಿಸ್ ಬರೀರಿ.

ಅರ್ಜಿ ತುಂಬೋಕೆ, ದಾಖಲೆ ಹೊಂದಿಸೋಕೆ ಕಷ್ಟ ಆದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಈಗಾಗ್ಲೇ ಒಳಗೆ ಓದ್ತಿರೋರು ಕಾಮೆಂಟಿನಲ್ಲಿ ಕೈ ಎತ್ತಿ, ಹೊಸಬರಿಗೆ ದಾರಿ ತೋರಿಸಿ. ನಿಮ್ಮೂರ ಹಾಸ್ಟೆಲ್ ಗ್ರೂಪುಗಳಿಗೆ ಇದನ್ನ ಕಳಿಸಿ.

ಜೈಭೀಮ್.