ಒಂದು ಸಲ ಕಿಟಕಿ ತೆಗೆಯಿರಿ

ಬಾಣಂತಿಯ ಕೋಣೆಗೆ ನೀವು ಹೋಗಿದ್ದೀರಿ. ಬಾಗಿಲಿಗೆ ಪರದೆ, ಕಿಟಕಿಗೆ ಅಡ್ಡ ಕಟ್ಟಿದ ಹಳೆಯ ಸೀರೆ, ಮೂಲೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿಯ ಹೊಗೆ. ಆ ಮಬ್ಬಿನಲ್ಲಿ ಅಜ್ಜಿ ಮಗುವನ್ನು ನಿಮ್ಮ ತೊಡೆಗೆ ಕೊಟ್ಟಿದ್ದಾರೆ. "ನೋಡು, ಬಂಗಾರದ ಬೊಂಬೆ ಇದ್ದ ಹಾಗಿದೆ" ಎಂದು ಯಾರೋ ಅಂದಿದ್ದಾರೆ. ಅದು ಬಂಗಾರವಲ್ಲ ಎಂದು ನಿಮ್ಮ ಮನಸ್ಸು ಆಗಲೇ ಹೇಳಿದೆ. ಆದರೂ ಶುಭದ ಮನೆಯಲ್ಲಿ ಕಾಯಿಲೆಯ ಮಾತು ಯಾಕೆ, ಹಿರಿಯರಿದ್ದಾರಲ್ಲ, ಆಸ್ಪತ್ರೆಯವರು ನೋಡಿಯೇ ಕಳಿಸಿರುತ್ತಾರಲ್ಲ ಎಂದುಕೊಂಡು, ಆ ಪುಟ್ಟ ಮುಷ್ಟಿಯೊಳಗೆ ನೂರರ ನೋಟೊಂದನ್ನು ಸಿಕ್ಕಿಸಿ, ಕುಂಕುಮ ತೆಗೆದುಕೊಂಡು ಎದ್ದು ಬಂದಿದ್ದೀರಿ.

ನಾನೂ ಹಾಗೆ ಎದ್ದು ಬಂದವಳು. ನಮ್ಮ ಬೀದಿಯ ಆ ಮಗುವಿಗೆ ಆಗ ನಾಲ್ಕು ದಿನ. ಈಗ ಅವನಿಗೆ ಏಳು ವರ್ಷ. ತಟ್ಟೆಯಲ್ಲಿರುವ ಇಡ್ಲಿ ಚೂರಿಗೆ ಕೈ ಚಾಚಿದರೆ ಕೈ ಅಲ್ಲಿಗೆ ಹೋಗುವುದಿಲ್ಲ. ಬೆರಳುಗಳು ಸೆಟೆದು, ಮಣಿಕಟ್ಟು ತಿರುಚಿಕೊಂಡು, ಎಲ್ಲೋ ಗಾಳಿಯಲ್ಲಿ ಸುತ್ತಿ ವಾಪಸು ಬರುತ್ತದೆ. ಸದ್ದು ಕಿವಿಗೆ ಬಿದ್ದರೂ ಮಾತು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಕಣ್ಣನ್ನು ಮೇಲಕ್ಕೆ ಎತ್ತಲಾಗುವುದಿಲ್ಲ. ಅದಕ್ಕೇ ಅವನ ತಾಯಿ ನಿಂತುಕೊಂಡು ಅವನ ಜೊತೆ ಮಾತಾಡುವುದೇ ಇಲ್ಲ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ತನ್ನ ಮುಖವನ್ನು ಅವನ ನೋಟದ ಮಟ್ಟಕ್ಕೆ ಇಳಿಸಿ ನಗುತ್ತಾಳೆ. ಅವನೂ ನಗುತ್ತಾನೆ. ಅವನಿಗೆ ಎಲ್ಲವೂ ತಿಳಿಯುತ್ತದೆ. ಆ ನಗು ಕಂಡಾಗಲೆಲ್ಲ ನನ್ನ ಎದೆಗೆ ಬಂದು ಕೂರುವುದು ಆ ಕಿಟಕಿಯ ಸೀರೆ. ಅಂದು ಅದನ್ನು ನಾನು ಸರಿಸಬಹುದಿತ್ತು.

ಆ ಮಗುವಿನ ಮೈಯ ಹಳದಿ ತಾನಾಗಿ ಹೋಗುತ್ತೆ ಅಂದರು ಎಲ್ಲರೂ. ಆ ಮಾತು ಸುಳ್ಳೇನಲ್ಲ. ತಿಂಗಳು ತುಂಬಿ ಹುಟ್ಟಿದ 10 ಶಿಶುಗಳಲ್ಲಿ ಸುಮಾರು 6ಕ್ಕೆ, ತಿಂಗಳು ತುಂಬದೆ ಹುಟ್ಟಿದವುಗಳಲ್ಲಿ 8ಕ್ಕೆ ಮೊದಲ ವಾರದಲ್ಲಿ ಕಾಮಾಲೆ ಕಾಣುತ್ತದೆ. ಹೊಟ್ಟೆಯೊಳಗಿದ್ದಾಗಿನ ಹೆಚ್ಚುವರಿ ರಕ್ತಕಣಗಳು ಒಡೆದು ಬಿಲಿರುಬಿನ್ ಎಂಬ ಹಳದಿ ಕಸವಾಗುತ್ತವೆ. ಒಂಬತ್ತು ತಿಂಗಳೂ ಆ ಕಸವನ್ನು ತಾಯಿಯ ಮೈಯೇ ಎತ್ತಿ ಹಾಕುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಆ ಕೆಲಸ ಮಗುವಿನ ಎಳೆಯ ಲಿವರಿನ ಪಾಲಿಗೆ ಬೀಳುತ್ತದೆ, ಅದು ಕಲಿಯಲು ಕೆಲವು ದಿನ ಬೇಕು. ಸಾಮಾನ್ಯವಾಗಿ ಹುಟ್ಟಿದ 2 ಅಥವಾ 3ನೇ ದಿನ ಹಳದಿ ಕಾಣಿಸಿ, 3ರಿಂದ 5ನೇ ದಿನದ ಹೊತ್ತಿಗೆ ಏರಿ, ಎರಡು ವಾರದೊಳಗೆ ಇಳಿದುಹೋಗುತ್ತದೆ. ತಿಂಗಳು ತುಂಬದ ಮಕ್ಕಳಿಗೆ ಮೂರು ವಾರವಾದರೂ ಹಿಡಿಯಬಹುದು. ಹೀಗೆ ನೂರಾರು ಮಕ್ಕಳಲ್ಲಿ ತಾನಾಗಿ ಹೋಗಿದ್ದನ್ನು ಕಂಡ ಅಜ್ಜಿ ಆ ಮಾತನ್ನು ನಂಬದೆ ಹೇಗಿದ್ದಾರು? ಆದರೆ ಹೋಗದೆ ಏರುತ್ತಲೇ ಇರುವ ಒಂದು ಮಗುವಿನಲ್ಲಿ ಆ ಹಳದಿ ಮಿದುಳಿನೊಳಕ್ಕೆ ಇಳಿದು, ಕೈಕಾಲಿನ ಚಲನೆಯನ್ನೂ ಕೇಳುವ ಶಕ್ತಿಯನ್ನೂ ಕೆಡಿಸಿಬಿಡುತ್ತದೆ. ಹಾಗೆ ಕೆಟ್ಟದ್ದು ಮತ್ತೆ ಮೊದಲಿನಂತಾಗುವುದಿಲ್ಲ.

ಸಹಜ ಹೆರಿಗೆಯಾದರೆ ಎರಡನೇ ದಿನವೋ ಮೂರನೇ ದಿನವೋ ಮನೆಗೆ ಕಳಿಸುತ್ತಾರೆ. ಮನೆಗೆ ಬಂದರೆ ಹನ್ನೊಂದು ದಿನ ಪುರುಡು, ಹೊಸಿಲು ದಾಟುವಂತಿಲ್ಲ. ಕಾಮಾಲೆ ಏರುವುದು ಸರಿಯಾಗಿ ಈ ನಡುವಿನ ದಿನಗಳಲ್ಲಿ: ಡಾಕ್ಟರ ಕಣ್ಣು ತಪ್ಪಿದ ಮೇಲೆ, ನಾಮಕರಣದ ನೆಂಟರು ಬರುವ ಮೊದಲು, ಯಾರಿಗೂ ಏನೂ ಕಾಣದ ಆ ಮಬ್ಬಿನಲ್ಲಿ. ಬಾಣಂತನವನ್ನು ನಾನು ಹಳಿಯುತ್ತಿಲ್ಲ. ಹೆತ್ತವಳನ್ನು ತಿಂಗಳುಗಟ್ಟಲೆ ಬೆಚ್ಚಗಿಟ್ಟು ಉಣಿಸುವ ಆ ಕೈಗಳಷ್ಟು ಪ್ರೀತಿ ಬೇರೆಲ್ಲೂ ನನಗೆ ಕಂಡಿಲ್ಲ. ಆ ಪ್ರೀತಿಯನ್ನೇ ಕೇಳಿಕೊಳ್ಳುತ್ತಿದ್ದೇನೆ: ಒಂದು ಸಲ ಕಿಟಕಿ ತೆಗೆಯಿರಿ.

ಕಿಟಕಿ ತೆಗೆದು, ಹಗಲ ಬೆಳಕಿನಲ್ಲಿ ಮಗುವಿನ ಬಟ್ಟೆ ಸರಿಸಿ, ಹಣೆ, ಎದೆ, ಹೊಟ್ಟೆಯ ಮೇಲೆ ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಹಳದಿಯಾಗಿ ಕಂಡರೆ ಕಾಮಾಲೆ ಇದೆ. ನಮ್ಮ ಕಂದು ಮೈಯಲ್ಲಿ ಅದು ಬೇಗ ಕಾಣದು, ಕಣ್ಣಿನ ಬಿಳಿಯನ್ನೂ ವಸಡನ್ನೂ ನೋಡಿ. ಎಷ್ಟು ಏರಿದೆ ಎಂದು ಹೇಳುವುದು ಮಾತ್ರ ಕಣ್ಣಿನ ಕೆಲಸವಲ್ಲ, ಹಿಮ್ಮಡಿಯಿಂದ ತೆಗೆಯುವ ಕೆಲವು ಹನಿ ರಕ್ತದ ಕೆಲಸ. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಎಬ್ಬಿಸಿದರೂ ಏಳದೆ ಮೊಲೆ ಚೀಪದೆ ಹೋದರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿದರೆ, ಬೆಳಗಾಗಲಿ ಎನ್ನಬೇಡಿ. ತಾಯಿಯದು ನೆಗೆಟಿವ್ ಗುಂಪೋ ಓ ಗುಂಪೋ ಆಗಿದ್ದರೆ ಮೊದಲ ದಿನದಿಂದಲೇ ಎಚ್ಚರ ಬೇಕು, ಕೆಲವೊಮ್ಮೆ ಅವಳ ರಕ್ತವೇ ಮಗುವಿನ ರಕ್ತಕಣಗಳನ್ನು ಒಡೆಯುತ್ತದೆ. ಕೂಸಿನ ಬಟ್ಟೆಯ ನಡುವೆ ನುಸಿಗುಳಿಗೆ ಇಡಬೇಡಿ; ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕಿಣ್ವದ ಕೊರತೆಯಿರುವ ಮಕ್ಕಳಿಗೆ ಅದರ ವಾಸನೆಯೂ ಅಪಾಯ.

ಇನ್ನು ಬರೆ ಹಾಕುವ ಮಾತು. ಬರೆಯುವಾಗ ಕೈ ನಡುಗುತ್ತದೆ. ಕಾದ ಬಳೆ ಚೂರಿನಿಂದ, ಊದಿನಕಡ್ಡಿಯಿಂದ ಹತ್ತು ದಿನದ ಕೂಸಿನ ಹೊಟ್ಟೆಯ ಮೇಲೆ ಇಟ್ಟ ಆ ಕಪ್ಪು ಚುಕ್ಕೆಗಳನ್ನು ನೀವು ನೋಡಿದ್ದೀರಿ, ನೋಡಿ ಮುಖ ತಿರುಗಿಸಿದ್ದೀರಿ. ಅದರಿಂದ ಒಂದು ಹನಿ ಬಿಲಿರುಬಿನ್ನೂ ಇಳಿಯುವುದಿಲ್ಲ, ಗಾಯದಿಂದ ನಂಜು ಮಾತ್ರ ಒಳಗೆ ಹೋಗುತ್ತದೆ. ಕತ್ತೆ ಹಾಲು, ಸಕ್ಕರೆ ನೀರು, ಜೇನು ಯಾವುದೂ ಬೇಡ. ಹಿಂಡಿ ಚೆಲ್ಲುವ ಆ ಗಟ್ಟಿಯಾದ ಮೊದಲ ಹಾಲೇ ಮಗುವಿನ ಕಪ್ಪು ಮಲವನ್ನು ಬೇಗ ಹೊರಹಾಕಿಸಿ, ಅದರ ಜೊತೆ ಹಳದಿಯನ್ನೂ ಒಯ್ಯುತ್ತದೆ. ಹಗಲೂ ರಾತ್ರಿಯೂ ಸೇರಿ 8ರಿಂದ 12 ಸಲ ಮೊಲೆಗೆ ಹಾಕಿ.

ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಲೈಟಿನ ಕೆಳಗೆ ಇಟ್ಟ ಕೂಸನ್ನು ನೋಡಲಾರದೆ ಸಹಿ ಹಾಕಿ ಮನೆಗೆ ಕರೆತಂದವರೂ ನಮ್ಮಲ್ಲಿದ್ದಾರೆ. ಆ ಬೆಳಕು ಸುಡುವುದಿಲ್ಲ, ಬಿಲಿರುಬಿನ್ನಿನ ರೂಪ ಬದಲಿಸಿ ಮೈಯಿಂದ ಸಲೀಸಾಗಿ ಹೊರಹೋಗುವಂತೆ ಮಾಡುತ್ತದೆ. ಅದು ಸಿಕ್ಕಿದ ಕತೆ ನನಗೆ ತುಂಬ ಇಷ್ಟ. ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಎಂಬ ನರ್ಸ್ ಎಳೆಯ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. 1956ರ ಬೇಸಿಗೆಯ ಒಂದು ದಿನ, ಡಾಕ್ಟರರು ರೌಂಡ್ಸಿಗೆ ಬಂದಾಗ, ಅಳುಕುತ್ತಲೇ ಒಂದು ಮಗುವಿನ ಹೊಟ್ಟೆ ತೋರಿಸಿದರು: ಮೈಯೆಲ್ಲ ತಿಳಿಯಾಗಿತ್ತು, ಬಟ್ಟೆಯ ತುದಿ ಮುಚ್ಚಿದ್ದ ಮುಕ್ಕೋನದಷ್ಟು ಜಾಗ ಮಾತ್ರ ಗಾಢ ಹಳದಿಯಾಗಿ ಉಳಿದಿತ್ತು. ಎರಡು ವರ್ಷದಲ್ಲಿ, 1958ರಲ್ಲಿ, ಅಲ್ಲಿನ ವೈದ್ಯರು ಬೆಳಕಿನ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದರು. ದೊಡ್ಡವರ ಮುಂದೆ ನನ್ನದೇನು ಎಂದು ಆಕೆ ಅಂದು ಬಾಯಿ ಮುಚ್ಚಿಕೊಂಡಿದ್ದರೆ? ಹಾಗಂತ ನಮ್ಮ ಎಳೆಬಿಸಿಲನ್ನೇ ಔಷಧ ಎಂದು ನಂಬಿ ಕೂರಬೇಡಿ; ಏರಿದ ಕಾಮಾಲೆಗೆ ಅದು ಸಾಲದು.

ಎರಡು ವಾರ ಕಳೆದರೂ ಹಳದಿ ಉಳಿದರೆ ಇನ್ನೊಂದು ಪರೀಕ್ಷೆ ಬೇಕು. ಮೊಲೆಹಾಲು ಕುಡಿದು ಚೆನ್ನಾಗಿ ತೂಕ ಏರುತ್ತಿರುವ ಕೆಲವು ಮಕ್ಕಳಲ್ಲಿ ಎರಡು ಮೂರು ತಿಂಗಳವರೆಗೂ ತೆಳು ಹಳದಿ ಇರುವುದುಂಟು, ಹಾಲು ನಿಲ್ಲಿಸಬೇಕಿಲ್ಲ. ಆದರೆ ಮಲ ಸುಣ್ಣದಂತೆ ಬಿಳಿಚಿಕೊಂಡರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ, ಪಿತ್ತದ ನಾಳ ಮುಚ್ಚಿರಬಹುದು. ಅದರ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಒಳ್ಳೆಯದು. ಮೂರು ತಿಂಗಳ ಬಾಣಂತನ ಮುಗಿಯಲಿ ಎಂದು ಕಾದರೆ ಆ ದಿನಗಳು ಕಳೆದೇ ಹೋಗಿರುತ್ತವೆ.

ಆಶಾ ಕಾರ್ಯಕರ್ತೆ 3ನೇ ದಿನ, 7ನೇ ದಿನ, 14ನೇ ದಿನ ಬಾಗಿಲಿಗೆ ಬರುತ್ತಾಳೆ. ಅವಳನ್ನು ಜಗಲಿಯಿಂದಲೇ ಕಳಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ, 108 ಕರೆದರೆ ಗಾಡಿ ಬರುತ್ತದೆ. ಮಗುವಿಗೆ ಹೇಳಿಕೊಳ್ಳಲು ಬಾಯಿಲ್ಲ. ಹೆತ್ತವಳಿಗೆ ಬಾಯಿದ್ದರೂ ಆ ಮನೆಯಲ್ಲಿ ಆ ಹನ್ನೊಂದು ದಿನ ಅವಳ ಮಾತು ನಡೆಯುವುದಿಲ್ಲ. ಮಾತು ನಡೆಯುವುದು ನಿಮ್ಮದು, ಹೊರಗಿನಿಂದ ಬಂದವರದು, ಓದಿದವರು ಎಂದು ಗೌರವ ಇರುವವರದು.

ಈ ವಾರವೋ ಮುಂದಿನ ವಾರವೋ ನಿಮಗೆ ಮತ್ತೆ ಅಂಥದೊಂದು ಮನೆಯಿಂದ ಕರೆ ಬರುತ್ತದೆ. ಕುಲಾವಿ, ಸ್ವೆಟರು, ಬೆಳ್ಳಿಯ ಕಡಗ ಏನು ಬೇಕಾದರೂ ಒಯ್ಯಿರಿ. ಮಗು ತೊಡೆಗೆ ಬಂದ ಮೇಲೆ ಒಂದೇ ಒಂದು ಮಾತು ಕೇಳಿ, ಮೆಲ್ಲಗೆ, ನಗುನಗುತ್ತಲೇ:

"ಅಜ್ಜಿ, ಕೂಸಿನ ಮುಖ ಸರಿಯಾಗಿ ನೋಡಬೇಕು ಅನಿಸ್ತಿದೆ. ಒಂದು ನಿಮಿಷ ಆ ಕಿಟಕಿ ತೆಗೀಲಾ?"