ಬಾಳುವ ಸೇಬು

ಸೇಬು ಕೆಡುತ್ತದೆಂದೊಡನೆ ಶೀತಲಗೃಹಗಳು ಸಾಲವೆಂಬ ಮಾತು ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಹಣ್ಣು ಎಷ್ಟು ದಿನ ಬಾಳೀತೆಂಬುದು, ಅದು ಶೀತಲಗೃಹದ ಬಾಗಿಲನ್ನು ಕಾಣುವ ಮೊದಲೇ, ಮರದ ಜೀವಕೋಶಗಳಲ್ಲಿ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಇದನ್ನು ನಾವು ಮರೆತಿದ್ದೇವೆ.

ಕಳಿತ ಹಣ್ಣಿನೊಡನೆ ಇಟ್ಟ ಕಾಯಿ ಬೇಗನೆ ಹಣ್ಣಾಗುವುದನ್ನು ವಾಚಕರು ಮನೆಯಲ್ಲಿಯೇ ಕಂಡಿರಬಹುದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲವೇ ಇದಕ್ಕೆ ಕಾರಣ. ಸೇಬು ಈ ಅನಿಲವನ್ನು ತಾನೇ ತಯಾರಿಸುತ್ತದೆಂಬುದನ್ನು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿಕೊಟ್ಟನು. ಅನಿಲದ ತಯಾರಿಕೆಗೆ ಬೇಕಾದ ಕಿಣ್ವವೊಂದನ್ನು ರೂಪಿಸುವ ಜೀನಿಗೆ ಎಸಿಎಸ್1 ಎಂದು ಹೆಸರು. ಅದರ ಒಂದು ರೂಪದಲ್ಲಿ, ಜೀನಿನ ಕೆಲಸವನ್ನು ಹತೋಟಿಯಲ್ಲಿಡುವ ಭಾಗದೊಳಗೆ ಡಿಎನ್ಎಯ ತುಣುಕೊಂದು ಬಂದು ಸೇರಿಕೊಂಡಿದೆ. ಅದರಿಂದ ಜೀನು ಮಂಕಾಗಿ ಎಥಿಲೀನ್ ಕಡಿಮೆ ಹುಟ್ಟುತ್ತದೆ.

1962ರಲ್ಲಿ ಜಪಾನಿನಲ್ಲಿ ಹೆಸರು ಪಡೆದ ಫ್ಯೂಜಿ ತಳಿಯಲ್ಲಿ ಇರುವುದು ಈ ಮಂಕು ರೂಪದ ಎರಡು ಪ್ರತಿಗಳು. ಅದು ತಿಂಗಳುಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ. ಸ್ವಾರಸ್ಯವೆಂದರೆ, ಅದರ ಜನಕರಲ್ಲಿ ಒಂದು ರೆಡ್ ಡೆಲಿಷಸ್! ಇಟ್ಟರೆ ಹಿಟ್ಟುಹಿಟ್ಟಾಗುವುದೆಂದು ಹೆಸರಾದ ಹಣ್ಣೂ ತಾಳಿಕೆಯ ಗುಣವನ್ನು ಒಳಗೆ ಅಡಗಿಸಿಕೊಂಡಿತ್ತು. ಮೆಂಡೆಲನ ಬಟಾಣಿಯ ಪಾಠವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗಳಿಗೆ ಇದು ಬೆರಗೆನಿಸಲಾರದು.

ಹಿಮಾಚಲ, ಕಾಶ್ಮೀರಗಳ ತೋಟಗಳಲ್ಲಿ ಇಂದಿಗೂ ಡೆಲಿಷಸ್ ಕುಲದ್ದೇ ಮೇಲುಗೈ. ಹಣ್ಣನ್ನು ಇಟ್ಟುಕೊಳ್ಳಲು ಸ್ಥಳವಿಲ್ಲದ ಸಣ್ಣ ಬೆಳೆಗಾರನು ಕೊಯ್ಲಿನ ಕಾಲದಲ್ಲಿ ಬಂದ ಬೆಲೆಗೆ ಮಾರಬೇಕು. ಅವನಿಗೆ ಬಾಳಿಕೆಯ ತಳಿಯೇ ಅರ್ಧ ಉಗ್ರಾಣ. ಬೀಜದ ಸಸಿ ಫಲ ಕೊಡುವುದಕ್ಕೆ ವರ್ಷಗಳು ಬೇಕಾದರೂ, ಅದರ ಎಲೆಯ ಡಿಎನ್ಎಯನ್ನು ಪರೀಕ್ಷಿಸಿದರೆ ಮಂಕು ರೂಪವಿದೆಯೇ ಇಲ್ಲವೇ ಎಂಬುದು ಮೊದಲೇ ತಿಳಿಯುತ್ತದೆ. ನಮ್ಮ ತಳಿಸಂಶೋಧನೆಯಲ್ಲಿ ಈ ಪರೀಕ್ಷೆಯು ಬಣ್ಣ, ಗಾತ್ರಗಳಷ್ಟೇ ಮುಖ್ಯವಾಗಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಆದರೆ ಒಂದೇ ಜೀನಿನ ಬೆನ್ನು ಹತ್ತುವುದೂ ಸಲ್ಲದು. ಕೋಶಗಳ ನಡುವಣ ಪೆಕ್ಟಿನ್ನನ್ನು ಕರಗಿಸುವ ಕಿಣ್ವದ ಜೀನು ಬೇರೆಯೇ ಇದೆ. ಅಮೆರಿಕದ ಹನಿಕ್ರಿಸ್ಪ್ ಹಣ್ಣು ಗರಿಗರಿಯಾಗಿಯೇ ಉಳಿದರೂ ಕಹಿಚುಕ್ಕೆಗೂ ಅತಿಶೀತದ ಕೇಡಿಗೂ ತುತ್ತಾಗುತ್ತದೆ. ಮತ್ತೊಂದು ಮಾತು: ಸೇಬಿನ ಪರಿಮಳದ ಬಹುಪಾಲು ಮೂಡುವುದು ಎಥಿಲೀನ್‌ನ ಪ್ರೇರಣೆಯಿಂದ. ಅದನ್ನು ತೀರ ಅಡಗಿಸಿದರೆ ಬಾಳಿಕೆ ಬಂದೀತು, ಕಂಪು ಹೋದೀತು. ಆದುದರಿಂದ ಸಸಿಗಳ ಪಟ್ಟಿಯನ್ನು ಪ್ರಯೋಗಾಲಯದವರು ಸಿದ್ಧಪಡಿಸಲಿ. ಅದರೊಳಗಿಂದ ಆರಿಸುವ ದಿನ ಕಚ್ಚಿ ತಿಂದು ನೋಡುವವರೂ ಅಲ್ಲಿರಲಿ.