ಹಣ ಕೊಡುವ ಮೊದಲು ಕಾಗದ ತೋರಿಸಿ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳ ತಂದೆ-ತಾಯಂದಿರೇ, ಐಟಿಐ, ಡಿಪ್ಲೊಮಾ, ನರ್ಸಿಂಗ್ ಮುಗಿಸಿ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡಿರುವ ತಮ್ಮಂದಿರೇ, ತಂಗಿಯರೇ,

ಪರದೇಶಕ್ಕೆ ಹೋಗಬೇಡಿ ಎಂದು ಹೇಳಲು ಈ ಮನವಿ ಬರೆಯುತ್ತಿಲ್ಲ. ಹಾಗೆ ಹೇಳುವ ಬಾಯಿ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದವರ ಮನಿಆರ್ಡರು ಇಲ್ಲಿ ಮಕ್ಕಳನ್ನು ಓದಿಸಿದೆ, ಅಕ್ಕ-ತಂಗಿಯರ ಮದುವೆ ಮಾಡಿಸಿದೆ. 1970ರ ದಶಕದಿಂದ ಆ ಜಾಗಕ್ಕೆ ಗಲ್ಫ್ ಬಂತು. ಧರ್ಮಸ್ಥಳದಿಂದ ಗುರುವಾಯನಕೆರೆ, ಪುಂಜಾಲಕಟ್ಟೆ, ಬಿ.ಸಿ.ರೋಡಿನ ಮೇಲೆ ಮಂಗಳೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿ, ರಸ್ತೆ ಬದಿಯ ತಾರಸಿ ಮನೆಗಳಲ್ಲಿ ಎಷ್ಟಕ್ಕೆ ದಿರ್ಹಂ, ರಿಯಾಲಿನ ಅಡಿಪಾಯ ಇದೆಯೆಂದು ಊರವರಿಗೆ ಗೊತ್ತು. 2006ರಲ್ಲಿ ಬಜಪೆಯಿಂದಲೇ ದುಬೈಗೆ ವಿಮಾನ ಶುರುವಾದ ಮೇಲೆ ಬೊಂಬಾಯಿಗೆ ಹೋಗಿ ಅಲ್ಲಿಂದ ಹಾರುವ ಕಷ್ಟವೂ ತಪ್ಪಿತು. ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದಿರುವಾಗ, ಬೀಡಿ ಕಟ್ಟುವ ಕೆಲಸ ಕಡಿಮೆಯಾಗುತ್ತಿರುವಾಗ, ಮನೆಯ ಹುಡುಗ ಹೊರಗೆ ಹೋಗಿ ದುಡಿಯುತ್ತೇನೆಂದರೆ ತಡೆಯುವುದು ಹೇಗೆ?

ನನ್ನ ಬೇಡಿಕೆ ಒಂದೇ. ಏಜೆಂಟನ ಕೈಗೆ ಹಣ ಕೊಡುವ ಮೊದಲು ಆ ಕೆಲಸದ ಕಾಗದವನ್ನು ಹೊರಗಿನ ಒಬ್ಬರಿಗೆ ತೋರಿಸಿ. ಅದನ್ನು ಓದಿ ಹೇಳುವ ಏರ್ಪಾಡನ್ನು ಊರಿನ ಸಂಸ್ಥೆಗಳು ಮಾಡಿಕೊಡಲಿ.

ನಮ್ಮಲ್ಲಿ ಸಂಬಳದ ಮಾತು ನಡೆಯುವ ರೀತಿ ಹೀಗೆ: "ಎಷ್ಟು ಕೊಡ್ತಾರಂತೆ?" "ಒಂದೂವರೆ ಸಾವಿರ ದಿರ್ಹಂ." "ನಮ್ಮ ರೂಪಾಯಿಗೆ?" "ಮೂವತ್ತೈದು ಸಾವಿರ ಹತ್ತಿರ." ಅಲ್ಲಿಗೆ ಮಾತು ಮುಗಿಯಿತು, ಅಮ್ಮನ ಕರಿಮಣಿ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಮುಂದಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಹಾಗಾಗಿ ಇಲ್ಲಿ ಹಾಕುತ್ತೇನೆ. ದಿರ್ಹಂಗೆ 23 ರೂಪಾಯಿ ಹಿಡಿಯೋಣ. ಎಸಿ ಟೆಕ್ನೀಶಿಯನ್ ಹುಡುಗನೊಬ್ಬನಿಗೆ 1,500 ದಿರ್ಹಂ, ಅಂದರೆ 34,500 ರೂಪಾಯಿ. ರೂಮು ಕಂಪನಿಯದ್ದು, ಊಟ ತನ್ನದೇ. ಊಟಕ್ಕೂ ಫೋನಿಗೂ ಎಷ್ಟು ಬಿಗಿ ಹಿಡಿದರೂ 500 ದಿರ್ಹಂ ಬೇಕು. ಕೈಯಲ್ಲಿ ಉಳಿಯುವುದು 23,000 ರೂಪಾಯಿ. ಏಜೆಂಟ್ ಒಂದೂವರೆ ಲಕ್ಷ ಕೇಳಿದ, ಮನೆಯವರು ಅದನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದರು ಅಂದುಕೊಳ್ಳಿ. ಉಳಿದದ್ದನ್ನೆಲ್ಲ ಸಾಲಕ್ಕೇ ಕಟ್ಟಿದರೂ ತೀರುವುದು ಎಂಟನೇ ತಿಂಗಳಲ್ಲಿ. ಎರಡು ವರ್ಷದ ಕರಾರಿನಲ್ಲಿ ಮೂರನೇ ಒಂದು ಭಾಗ ದುಡಿದದ್ದು ಏಜೆಂಟನಿಗೂ ಬಡ್ಡಿಯವನಿಗೂ. ಮಂಗಳೂರಿನಲ್ಲೇ ಇಪ್ಪತ್ತು ಸಾವಿರಕ್ಕೆ ಅದೇ ಕೆಲಸ ಸಿಗುವುದಾದರೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಬೇಡವೇ?

ಆ ಒಂದೂವರೆ ಲಕ್ಷವೇ ಕಾನೂನಿಗೆ ವಿರುದ್ಧ ಎಂಬುದು ಬಹಳ ಮನೆಗಳಿಗೆ ತಿಳಿದಿಲ್ಲ. 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡ ಏಜೆಂಟ್ ಮಾತ್ರ ಪರದೇಶದ ಕೆಲಸಕ್ಕೆ ಜನರನ್ನು ಸೇರಿಸಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಶೀದಿ ಕೊಡಲೇಬೇಕು. ರಶೀದಿ ಕೊಡುವುದಿಲ್ಲ, ಗೂಗಲ್ ಪೇ ಬೇಡ, ಕ್ಯಾಶೇ ಬೇಕು ಎನ್ನುವವನ ಎದುರಿನಿಂದ ಎದ್ದು ಬನ್ನಿ. ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಇನ್ನು ಸುಳ್ಳು ಏಜೆಂಟನಿಗೆ ಶಿಕ್ಷೆ? ಅದೇ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಎರಡು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿಯವರೆಗೆ ದಂಡ. ಹೌದು, ಎರಡು ಸಾವಿರ. ಒಬ್ಬ ಹುಡುಗನಿಂದ ಲಕ್ಷ ಕೀಳುವವನಿಗೆ ಈ ದಂಡ ಚಹಾದ ಖರ್ಚು. ಕಾನೂನು ಹೆದರಿಸುತ್ತದೆಂದು ನಂಬಿ ಕೂರುವ ಹಾಗಿಲ್ಲ.

ಓದಿದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ 'ಇಸಿಆರ್' ಎಂಬ ಮುದ್ರೆ ಇರುತ್ತದೆ. ಅವರು ಕೆಲಸಕ್ಕಾಗಿ ಸೌದಿ, ಕುವೈತ್, ಯುಎಇ, ಕತಾರ್, ಒಮಾನ್ ಸೇರಿದಂತೆ 18 ದೇಶಗಳಿಗೆ ಹೋಗಬೇಕಾದರೆ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಕರಾರುಪತ್ರ ಅಲ್ಲಿ ಪರಿಶೀಲನೆಗೆ ಬರುತ್ತದೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ ಹತ್ತು ಲಕ್ಷದ ವಿಮೆಯೂ ಅವರಿಗೆ ಕಡ್ಡಾಯ. ಹತ್ತನೇ ಪಾಸಾದವರಿಗೆ ಆ ಮುದ್ರೆಯೂ ಬೇಕಿಲ್ಲ, ಅನುಮತಿಯೂ ಬೇಕಿಲ್ಲ. ವೇಣೂರಿನ ಐಟಿಐಯಲ್ಲೋ ಉಜಿರೆಯ ಪಾಲಿಟೆಕ್ನಿಕ್‌ನಲ್ಲೋ ಕಲಿತ ಹುಡುಗನ ಕರಾರುಪತ್ರವನ್ನು ಹಾಗಾಗಿ ಸರ್ಕಾರದ ಯಾವ ಕಣ್ಣೂ ನೋಡುವುದಿಲ್ಲ. ಕಲಿತವನಿಗೆ ಬುದ್ಧಿ ಇದೆ, ತಾನೇ ನೋಡಿಕೊಳ್ಳುತ್ತಾನೆ ಎಂಬುದು ಸರ್ಕಾರದ ಎಣಿಕೆ. ಇಂಥವರೂ ಹೊರಡುವ ಮೊದಲು ಇ-ಮೈಗ್ರೇಟ್‌ನಲ್ಲಿ ಹೆಸರು ದಾಖಲಿಸಬೇಕೆಂದು 2018ರ ಕೊನೆಯಲ್ಲಿ ಆದೇಶ ಬಂದಿತ್ತು, ಜಾರಿಯಾಗುವ ಮೊದಲೇ ಅದನ್ನು ತಡೆಹಿಡಿದರು. ಈಗ ಅದು ಇಷ್ಟವಿದ್ದರೆ ಮಾತ್ರ. ದಯವಿಟ್ಟು ಇಷ್ಟಪಡಿ. ನರ್ಸುಗಳ ವಿಷಯ ಬೇರೆ: ಈ 18 ದೇಶಗಳಿಗೆ ಹೋಗುವ ನರ್ಸ್‌ಗೆ ಎಷ್ಟೇ ಓದಿದ್ದರೂ ವಲಸೆ ಅನುಮತಿ ಬೇಕೆಂದು 2015ರಲ್ಲೇ ನಿಯಮವಾಗಿದೆ. ಅದನ್ನು ತಪ್ಪಿಸಲು "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ" ಎನ್ನುವವರಿದ್ದಾರೆ. ಹಾಗೆ ಹೋದವರ ಲೆಕ್ಕ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಕಾಗದ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಒಟ್ಟು ಸಂಬಳವನ್ನಲ್ಲ, ಬೇಸಿಕ್ ಎಷ್ಟೆಂದು. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲಿನದಕ್ಕೆ 30 ದಿನದ್ದು. ಓವರ್‌ಟೈಮಿನ ಲೆಕ್ಕವೂ ಬೇಸಿಕ್ ಮೇಲೆಯೇ. ಒಟ್ಟು 3,000 ದಿರ್ಹಂ ಸಂಬಳದಲ್ಲಿ ಬೇಸಿಕ್ 1,200 ಮಾತ್ರ ಇಟ್ಟು ಉಳಿದದ್ದನ್ನು ಅಲೋವೆನ್ಸ್ ಎಂದು ಬರೆದರೆ ಐದು ವರ್ಷದ ಗ್ರಾಚ್ಯುಟಿ 4,200 ದಿರ್ಹಂ. ಬೇಸಿಕ್ 2,000 ಇದ್ದಿದ್ದರೆ 7,000 ಸಿಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಅರವತ್ತನಾಲ್ಕು ಸಾವಿರ ರೂಪಾಯಿಯ ವ್ಯತ್ಯಾಸ, ಅದೂ ಒಂದೇ ಗೆರೆಯಲ್ಲಿ. ಕತಾರಿನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ವೇತನ 1,000 ರಿಯಾಲ್. ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಸೇರಿಸಿ ಕೊಡಬೇಕು. ಇವು ತಿಳಿದಿದ್ದರೆ ಕೇಳಬಹುದು, ತಿಳಿಯದಿದ್ದರೆ ಕೊಟ್ಟದ್ದೇ ಪ್ರಸಾದ.

ಎರಡನೆಯದು, ವೀಸಾದಲ್ಲಿ ಬರೆದಿರುವ ಹುದ್ದೆ. ಇಲೆಕ್ಟ್ರಿಷಿಯನ್ ಸರ್ಟಿಫಿಕೇಟ್ ಇರುವವನನ್ನು ಹೆಲ್ಪರ್ ವೀಸಾದಲ್ಲಿ ಕಳಿಸಿದರೆ ಅವನು ಕಾಗದದ ಪ್ರಕಾರ ಹೆಲ್ಪರ್. "ಅಲ್ಲಿ ಹೋದ ಮೇಲೆ ಸರಿ ಮಾಡ್ತಾರೆ" ಎಂಬ ಮಾತನ್ನು ನಂಬಿ ಹೆಲ್ಪರ್ ಆಗಿಯೇ ಊರಿಗೆ ಮರಳಿದವರು ನಮ್ಮಲ್ಲಿ ಸಾಕಷ್ಟಿದ್ದಾರೆ. 'ಫ್ರೀ ವೀಸಾ' ಎನ್ನುವುದಂತೂ ಫ್ರೀಯೂ ಅಲ್ಲ, ಕಾನೂನಿನಲ್ಲಿ ಅಂಥ ವೀಸಾವೂ ಇಲ್ಲ. ಒಬ್ಬ ಕಫೀಲನ (ವೀಸಾ ಕೊಟ್ಟ ಮಾಲೀಕನ) ಹೆಸರಿನಲ್ಲಿ ಹೋಗಿ ಇನ್ನೊಬ್ಬನ ಬಳಿ ದುಡಿದು ಸಿಕ್ಕಿಬಿದ್ದರೆ ಶಿಕ್ಷೆ ಕೆಲಸಗಾರನಿಗೂ ಇದೆ. ಈಗ ಸೌದಿಯವರು ಇಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್‌ನಂಥ ಹಲವು ಕಸುಬುಗಳಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ಪಾಸಾಗಬೇಕೆಂದು ನಿಯಮ ಮಾಡಿದ್ದಾರೆ. ನಿಜವಾಗಿ ಕೈಕೆಲಸ ಬಲ್ಲವನಿಗೆ ಇದು ಒಳ್ಳೆಯದೇ.

ಯುರೋಪ್ ಕಡೆ ಹೊರಟವರಿಗೂ ಎರಡು ಮಾತು. ಜರ್ಮನಿಗೆ ನರ್ಸುಗಳು ಬೇಕಾಗಿರುವುದು ನಿಜ. 2013ರಲ್ಲಿ ಅವರ ಸರ್ಕಾರಿ ಸಂಸ್ಥೆಗಳು ಶುರುಮಾಡಿದ 'ಟ್ರಿಪಲ್ ವಿನ್' ಯೋಜನೆ ಕೇರಳದಲ್ಲಿ ಅಲ್ಲಿನ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆಯ ಮೂಲಕ ನಡೆಯುತ್ತದೆ, ನರ್ಸಿನಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅರ್ಹತೆಗೆ ಮಾನ್ಯತೆ ಸಿಗುವ ತನಕ ಸಂಬಳ ತಿಂಗಳಿಗೆ 2,300 ಯೂರೋ ಆಸುಪಾಸು, ಆಮೇಲೆ 2,800. ಇದು ಕಡಿತಕ್ಕೆ ಮೊದಲಿನ ಮೊತ್ತ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಸೇರಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಹೋಗುತ್ತದೆ, ಮನೆಬಾಡಿಗೆ ಉಳಿದದ್ದರಲ್ಲಿ. ಆದರೂ ಒಳ್ಳೆಯ ಸಂಬಳವೇ, ಜರ್ಮನ್ ಭಾಷೆ ಕಲಿಯುವ ತಾಳ್ಮೆ ಬೇಕು ಅಷ್ಟೆ. ಇಂಗ್ಲೆಂಡಿನ ಕೇರ್ ವರ್ಕರ್ ವೀಸಾ ಕೊಡಿಸುತ್ತೇನೆಂದು ಯಾರಾದರೂ ಈಗ ಬಂದರೆ ಕೇಳಬೇಡಿ: ಹೊರದೇಶದಿಂದ ಆ ಕೆಲಸಕ್ಕೆ ಜನ ಕರೆಯುವುದನ್ನು ಅವರು 2025ರ ಜುಲೈ 22ರಂದು ನಿಲ್ಲಿಸಿದ್ದಾರೆ. ಅಮೆರಿಕದ ಎಚ್‌-1ಬಿ ಉದ್ಯೋಗ ವೀಸಾಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ಹೀಗೆ ಬಾಗಿಲು ತೆರೆಯುವುದೂ ಮುಚ್ಚುವುದೂ ತಿಂಗಳುಗಳಲ್ಲಿ ಆಗಿಹೋಗುತ್ತಿರುವಾಗ ಕಳೆದ ವರ್ಷ ಹೋದ ಮಾವನ ಮಗನ ಅನುಭವವೂ ಸಾಲದು.

ಇದೆಲ್ಲ ಹೆದರಿಸುವ ಮಾತು ಅನ್ನಿಸಿದರೆ ದೂರ ಹೋಗಬೇಕಿಲ್ಲ. 2019ರಲ್ಲಿ ಮಂಗಳೂರಿನಿಂದ ಕುವೈತಿಗೆ ಹೋದ ಹತ್ತಾರು ಹುಡುಗರು ಹೇಳಿದ ಕೆಲಸವಿಲ್ಲದೆ, ಸಂಬಳವಿಲ್ಲದೆ, ಊಟಕ್ಕೂ ತೊಂದರೆಯಾಗಿ ವಿಡಿಯೋ ಮಾಡಿ ಬೇಡಿಕೊಳ್ಳಬೇಕಾಯಿತು. ರಾಯಭಾರ ಕಚೇರಿ, ಅಲ್ಲಿನ ನಮ್ಮವರು ಸೇರಿ ಅವರನ್ನು ಊರು ಸೇರಿಸಿದರು. 2024ರಲ್ಲಿ ಕಲಬುರಗಿಯ ಯುವಕರು ಸೆಕ್ಯುರಿಟಿ ಕೆಲಸವೆಂದು ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿದ್ದರು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದು ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನ ಕಳಿಸಿ ತರಬೇಕಾಯಿತು. ಅಲ್ಲಿಗೆ ಹೋದವರೂ ಓದಿದ, ಇಂಗ್ಲಿಷ್ ಬಲ್ಲ ಹುಡುಗರೇ.

ಈಗ ಊರಿನ ಸಂಸ್ಥೆಗಳಿಗೆ ಕೈ ಮುಗಿದು ಕೇಳುವುದು.

1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ದೇಶಕ್ಕೇ ಮಾದರಿಯಾಯಿತು, ಅದನ್ನು ನೋಡಿ ಕೇಂದ್ರ ಸರ್ಕಾರ ಜಿಲ್ಲೆ ಜಿಲ್ಲೆಯಲ್ಲಿ ಅಂಥ ತರಬೇತಿ ಕೇಂದ್ರ ತೆರೆಸಿತು. ಮನೆಯಲ್ಲೇ ಇದ್ದು ದುಡಿಯುವುದನ್ನು ಕಲಿಸಿದ ಆ ಸಂಸ್ಥೆ, ಹೊರಡಲೇಬೇಕೆಂದವರಿಗೆ ತಿಂಗಳಿಗೊಂದು ದಿನ ಕೊಡಲಿ. ವಿದೇಶಾಂಗ ಸಚಿವಾಲಯದ ಉಚಿತ ಪ್ರಯಾಣಪೂರ್ವ ತರಬೇತಿಯೂ ಒಂದೇ ದಿನದ್ದು. ಅದನ್ನು ಉಜಿರೆಗೆ ತರುವಂತೆ ನಮ್ಮ ಸಂಸದರೂ ಶಾಸಕರೂ ಕೇಳಲಿ. ಮೂಡುಬಿದಿರೆಯ ಆಳ್ವಾಸ್ ಪ್ರಗತಿ ಉದ್ಯೋಗ ಮೇಳಕ್ಕೆ ಗಲ್ಫ್ ಕಂಪನಿಗಳೂ ಬರುತ್ತವೆ. ಅಲ್ಲಿ ಟೇಬಲ್ ಹಾಕುವ ಪ್ರತಿ ವಿದೇಶಿ ಕಂಪನಿ ಬೇಸಿಕ್ ಎಷ್ಟು, ವೀಸಾದ ಹುದ್ದೆ ಯಾವುದು, ವೀಸಾ, ಟಿಕೆಟಿನ ಖರ್ಚು ಯಾರದು ಎಂಬುದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕೆಂದು ಆಯೋಜಕರು ಷರತ್ತು ಹಾಕಲಿ. ಖರ್ಚಿಲ್ಲದ ಕೆಲಸ ಇದು.

ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳಲ್ಲಿ ವಾರ ವಾರ ಕೂರುವ ಅಕ್ಕಂದಿರೇ, ಮಗನ ವೀಸಾಕ್ಕೆಂದು ಸದಸ್ಯೆ ಸಾಲ ಕೇಳಿದಾಗ ಕಾಗದ ತಂದಿದ್ದೀಯಾ ಎಂದು ಕೇಳುವ ಹಕ್ಕು ನಿಮಗಿದೆ. ಜಾಮೀನು ನಿಲ್ಲುವವರು ನೀವೇ ಅಲ್ಲವೇ? ಸಹಕಾರಿ ಸಂಘದ ಕಾರ್ಯದರ್ಶಿಗಳೂ ಚಿನ್ನ ತೂಗುವ ಮೊದಲು ಅದೇ ಪ್ರಶ್ನೆ ಕೇಳಲಿ. ಶುಕ್ರವಾರದ ಮಸೀದಿಯಲ್ಲಿ, ಭಾನುವಾರದ ಇಗರ್ಜಿಯಲ್ಲಿ, ಭಜನಾ ಮಂದಿರದಲ್ಲಿ ಎರಡು ನಿಮಿಷ ಈ ಮಾತು ಬರಲಿ. ಮರಳಿ ಬಂದು ಊರಲ್ಲಿರುವ ಗಲ್ಫಿನ ಹಿರಿಯರೇ, ಕರಾರುಪತ್ರ ಓದಲು ನಿಮಗಿಂತ ಬಲ್ಲವರಿಲ್ಲ. ಅಲ್ಲಿ ಪಟ್ಟ ಕಷ್ಟವನ್ನು ಮುಚ್ಚಿ ಅತ್ತರಿನ ಬಾಟಲಿಯನ್ನಷ್ಟೇ ತೋರಿಸಿದ್ದು ಸಾಕು, ಇನ್ನು ನಿಜದ ಲೆಕ್ಕ ಹೇಳಿ.

ಪಂಚಾಯತಿಗಳಿಗೆ ಹೊಸ ಕಚೇರಿಯೂ ಬೇಡ. ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕಂಪ್ಯೂಟರ್ ಬಂದಿರುವ ಕಡೆ ವಾರಕ್ಕೊಂದು ಸಂಜೆ ಏಜೆಂಟನ ಹೆಸರನ್ನು ಇ-ಮೈಗ್ರೇಟ್‌ನಲ್ಲಿ ಹುಡುಕಿಕೊಟ್ಟರೆ ಆಯಿತು. ಕೇರಳದವರು ವಲಸಿಗರಿಗೆಂದೇ 1996ರಲ್ಲಿ ಇಲಾಖೆ ಮಾಡಿಕೊಂಡರು. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಕೌಶಲ್ಯಾಭಿವೃದ್ಧಿ ನಿಗಮದ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ, ಎರಡೂ ಬೆಂಗಳೂರಿನಲ್ಲಿ. ಇಷ್ಟು ಜನ ಪರದೇಶಕ್ಕೆ ಹೋಗುವ ಕರಾವಳಿಯಲ್ಲಿ ಅವುಗಳ ಒಂದು ಶಾಖೆ ಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಹೊರಟು ನಿಂತವರು ಪಾಸ್‌ಪೋರ್ಟ್, ವೀಸಾ, ಕರಾರುಪತ್ರ, ಹಣದ ರಶೀದಿ ನಾಲ್ಕರ ನಕಲನ್ನೂ ಮನೆಯಲ್ಲಿ ಬಿಟ್ಟುಹೋಗಿ. ಅಲ್ಲಿ ತೊಂದರೆಯಾದರೆ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ಕೊಡಲು ಅವು ಬೇಕಾಗುತ್ತವೆ. ಹೊರಡುವ ಮೊದಲು ಸಂಶಯವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090ಕ್ಕೆ ಕರೆ ಮಾಡಿ. ಕರೆಗೆ ಹಣವಿಲ್ಲ.